ದೀರ್ಘಾವಧಿ ಆರೈಕೆ ಸಹಭಾಗಿತ್ವ (ಅಮೆರಿಕ ಸಂಯುಕ್ತ ಸಂಸ್ಥಾನ)

ದೀರ್ಘಾವಧಿ ಆರೈಕೆ ಸಹಭಾಗಿತ್ವ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೃದ್ಧರ ಹಾಗೂ ಅಶಕ್ತರ ಆರೈಕೆಯ ವೆಚ್ಚವನ್ನು ಖಾಸಗಿ ವಿಮಾ ಕಂಪನಿಗಳೂ ಸರ್ಕಾರವೂ ಒಂದರ ನಂತರ ಒಂದರಂತೆ ಹೊರುವ ವ್ಯವಸ್ಥೆ. ಮೊದಲು ವಿಮೆಯು ಹಣ ನೀಡುತ್ತದೆ. ಅದು ಮುಗಿದ ಮೇಲೂ ಆರೈಕೆ ಬೇಕಾದರೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಯು ವೆಚ್ಚವನ್ನು ವಹಿಸಿಕೊಳ್ಳುತ್ತದೆ. ವಿಮೆಯಿಂದ ಎಷ್ಟು ಹಣ ಸಂದಿತ್ತೋ ಅಷ್ಟು ಮೌಲ್ಯದ ಸ್ವಂತ ಆಸ್ತಿಯನ್ನು ಪಾಲಿಸಿದಾರರು ಉಳಿಸಿಕೊಳ್ಳಬಹುದು ಎಂಬುದೇ ಈ ಒಪ್ಪಂದದ ತಿರುಳು.

ಹಿನ್ನೆಲೆ

ದೀರ್ಘಾವಧಿ ಆರೈಕೆ ಎಂದರೆ ಮುಖ್ಯವಾಗಿ ಕಾಯಿಲೆಯ ಚಿಕಿತ್ಸೆಯಲ್ಲ; ಸ್ನಾನ, ಉಡುಪು, ಊಟ, ಶೌಚ, ಹಾಸಿಗೆಯಿಂದ ಏಳುವುದು ಮುಂತಾದ ನಿತ್ಯದ ಕೆಲಸಗಳಿಗೆ ಬೇಕಾಗುವ ನೆರವು. ಇದು ಮನೆಯಲ್ಲಿ ದೊರೆಯಬಹುದು, ಇಲ್ಲವೇ ನರ್ಸಿಂಗ್ ಹೋಮಿನಲ್ಲಿ. ಕರ್ನಾಟಕದಲ್ಲಿ ನರ್ಸಿಂಗ್ ಹೋಮ್ ಎಂದರೆ ಸಾಮಾನ್ಯವಾಗಿ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಾದರೋ ಅದು ಅಶಕ್ತರು ಕೆಲವೊಮ್ಮೆ ವರ್ಷಗಟ್ಟಲೆ ವಾಸಿಸುವ ಆರೈಕೆ ಗೃಹ.

65 ವರ್ಷ ತುಂಬಿದವರಿಗಿರುವ ಮೆಡಿಕೇರ್ ಯೋಜನೆಯೇ ಈ ವೆಚ್ಚವನ್ನೂ ಭರಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಸಾಮಾನ್ಯ ನಿಯಮದಂತೆ, ಕನಿಷ್ಠ 3 ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಬಂದವರಿಗೆ, ನುರಿತ ಶುಶ್ರೂಷೆಯ ಅಗತ್ಯವಿದ್ದರೆ ಮಾತ್ರ, ಮೆಡಿಕೇರ್ ಗರಿಷ್ಠ 100 ದಿನಗಳ ಆರೈಕೆಗೆ ನೆರವಾಗುತ್ತದೆ. ಅದರಲ್ಲಿಯೂ ಪೂರ್ಣ ವೆಚ್ಚ ಸಿಗುವುದು ಮೊದಲ 20 ದಿನಗಳಿಗೆ. ಉಳಿದ ದಿನಗಳಿಗೆ ರೋಗಿಯೂ ದಿನವಹಿ ಪಾಲು ಕೊಡಬೇಕು.

ಉಳಿಯುವುದು ಮೆಡಿಕೇಡ್. 1965ರಲ್ಲಿ ಆರಂಭವಾದ, ಕೇಂದ್ರ ಹಾಗೂ ರಾಜ್ಯಗಳು ಜೊತೆಯಾಗಿ ಹಣ ಹೂಡುವ ಈ ಯೋಜನೆ ಬಡವರಿಗಾಗಿ ಇರುವಂಥದ್ದು. ಅನೇಕ ರಾಜ್ಯಗಳಲ್ಲಿ ಒಂಟಿ ವ್ಯಕ್ತಿಯ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರಿಗಿಂತ ಹೆಚ್ಚಿರಬಾರದು. ಹೀಗಾಗಿ ಜೀವಮಾನವಿಡೀ ದುಡಿದು ಕೂಡಿಟ್ಟ ಮಧ್ಯಮ ವರ್ಗದವರು ಉಳಿತಾಯವನ್ನೆಲ್ಲ ಆರೈಕೆಗೆ ಸುರಿದು ಬರಿಗೈಯಾದ ಮೇಲೆಯೇ ಸರ್ಕಾರದ ನೆರವಿಗೆ ಅರ್ಹರಾಗುತ್ತಾರೆ. ಆಸ್ತಿಯನ್ನು ಮೊದಲೇ ಮಕ್ಕಳ ಹೆಸರಿಗೆ ಬರೆದುಕೊಡುವ ದಾರಿಯೂ ಸುಲಭವಲ್ಲ: ಅರ್ಜಿಗೆ ಹಿಂದಿನ 60 ತಿಂಗಳ ವರ್ಗಾವಣೆಗಳನ್ನು ಅಧಿಕಾರಿಗಳು ಸಾಮಾನ್ಯವಾಗಿ ಪರಿಶೀಲಿಸುತ್ತಾರೆ. ವಾಸದ ಮನೆಗೆ ಜೀವಿತಕಾಲದಲ್ಲಿ ಬಹುಮಟ್ಟಿಗೆ ರಕ್ಷಣೆಯಿದ್ದರೂ, ಫಲಾನುಭವಿಯ ಮರಣಾನಂತರ ರಾಜ್ಯವು ತಾನು ಮಾಡಿದ ವೆಚ್ಚವನ್ನು ಆತನ ಆಸ್ತಿಯಿಂದ ವಸೂಲು ಮಾಡಬಹುದು.

ಕಾರ್ಯವಿಧಾನ

ಒಬ್ಬರ ಸಹಭಾಗಿತ್ವ ಪಾಲಿಸಿಯಿಂದ ಆರೈಕೆಗಾಗಿ 1,50,000 ಡಾಲರ್ ಸಂದಿದೆ ಎಂದಿಟ್ಟುಕೊಳ್ಳೋಣ. ಮುಂದೆ ಅವರು ಮೆಡಿಕೇಡ್‌ಗೆ ಅರ್ಜಿ ಸಲ್ಲಿಸಿದಾಗ 2,000 ಡಾಲರಿನ ಮಿತಿಯ ಬದಲು 1,52,000 ಡಾಲರಿನವರೆಗೆ ಆಸ್ತಿ ಇಟ್ಟುಕೊಳ್ಳಬಹುದು. ಹೀಗೆ ಉಳಿದ ಮೊತ್ತವನ್ನು ಮರಣಾನಂತರದ ವಸೂಲಿಯಿಂದಲೂ ಹೊರಗಿಡಲಾಗುತ್ತದೆ. ರಕ್ಷಣೆ ಇರುವುದು ಆಸ್ತಿಗೆ ಮಾತ್ರ, ಆದಾಯಕ್ಕಲ್ಲ. ಪಿಂಚಣಿಯ ಬಹುಪಾಲು ಆರೈಕೆಯ ವೆಚ್ಚಕ್ಕೇ ಹೋಗುತ್ತದೆ. ಆರೋಗ್ಯ ಹಾಗೂ ಆದಾಯದ ಇತರ ಷರತ್ತುಗಳನ್ನೂ ಪೂರೈಸಬೇಕು. ಪಾಲಿಸಿ ಇದೆ ಎಂದ ಮಾತ್ರಕ್ಕೆ ಮೆಡಿಕೇಡ್ ಖಚಿತವಲ್ಲ.

ನ್ಯೂಯಾರ್ಕ್ ರಾಜ್ಯವು ಆರಂಭದಲ್ಲಿ ಬೇರೊಂದು ಮಾದರಿಯನ್ನು ಅನುಸರಿಸಿತು. ಅಲ್ಲಿ 3 ವರ್ಷಗಳ ನರ್ಸಿಂಗ್ ಹೋಮ್ ಆರೈಕೆ ಅಥವಾ 6 ವರ್ಷಗಳ ಮನೆಯ ಆರೈಕೆಗೆ ಸಾಲುವ ಪಾಲಿಸಿಯನ್ನು ಬಳಸಿ ಮುಗಿಸಿದವರ ಸಂಪೂರ್ಣ ಆಸ್ತಿಗೆ ರಕ್ಷಣೆ ದೊರೆಯುತ್ತಿತ್ತು.

ಇತಿಹಾಸ

ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದ ಧನಸಹಾಯದಿಂದ ರೂಪುಗೊಂಡ ಈ ಯೋಜನೆಯನ್ನು 1992ರಲ್ಲಿ ಕನೆಕ್ಟಿಕಟ್ ಮೊದಲು ಜಾರಿಗೆ ತಂದಿತು. ಇಂಡಿಯಾನಾ, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ ಅದನ್ನು ಹಿಂಬಾಲಿಸಿದವು. ಆದರೆ 1993ರ ಕೇಂದ್ರ ಕಾಯಿದೆಯೊಂದು, ಹೊಸದಾಗಿ ಸೇರುವ ರಾಜ್ಯಗಳು ಪಾಲಿಸಿದಾರರ ಮರಣಾನಂತರ ಆಸ್ತಿಯಿಂದ ವಸೂಲಿ ಮಾಡಲೇಬೇಕು ಎಂದು ವಿಧಿಸಿತು. ಬದುಕಿರುವಾಗ ಉಳಿದದ್ದು ಸತ್ತ ಮೇಲೆ ಹೋಗುವುದಾದರೆ ಕಂತು ಕಟ್ಟುವವರು ಯಾರು? ಯೋಜನೆ ಒಂದು ದಶಕಕ್ಕೂ ಹೆಚ್ಚು ಕಾಲ ಬಹುತೇಕ ಆ ನಾಲ್ಕು ರಾಜ್ಯಗಳಲ್ಲಿಯೇ ನಿಂತಿತು. 2006ರ ಫೆಬ್ರವರಿಯಲ್ಲಿ ಅಂಕಿತಗೊಂಡ ಕೊರತೆ ಕಡಿತ ಕಾಯಿದೆಯು ಈ ತಡೆಯನ್ನು ತೆಗೆದುಹಾಕಿದ ಬಳಿಕ ಹೆಚ್ಚಿನ ರಾಜ್ಯಗಳು ಸೇರಿಕೊಂಡವು. 61 ವರ್ಷಕ್ಕಿಂತ ಕಡಿಮೆ ವಯಸ್ಸಿನಲ್ಲಿ ಪಾಲಿಸಿ ಕೊಳ್ಳುವವರಿಗೆ ಪರಿಹಾರದ ಮೊತ್ತವು ಬೆಲೆಯೇರಿಕೆಗೆ ಅನುಗುಣವಾಗಿ ಚಕ್ರಬಡ್ಡಿಯಂತೆ ಬೆಳೆಯಬೇಕು ಎಂಬ ನಿಯಮವೂ ಇದೇ ಕಾಯಿದೆಯದು.

ಮಿತಿಗಳು

ಈಗಾಗಲೇ ತೀವ್ರ ಅನಾರೋಗ್ಯವಿರುವವರ ಅರ್ಜಿಯನ್ನು ವಿಮಾ ಕಂಪನಿಗಳು ತಿರಸ್ಕರಿಸಬಹುದು. ಆಸ್ತಿಯೇ ಇಲ್ಲದವರಿಗೆ ಪಾಲಿಸಿಯಿಂದ ಪ್ರಯೋಜನವಿಲ್ಲ. ಬಹಳ ಸಿರಿವಂತರಿಗೆ ಅದರ ಅಗತ್ಯವಿಲ್ಲ. ನಡುವಿನವರಿಗಾಗಿಯೇ ರೂಪಿಸಿದ ಯೋಜನೆ ನಡುವಿನವರನ್ನು ಎಷ್ಟು ತಲುಪಿತು ಎಂಬುದೇ ಮುಖ್ಯ ಪ್ರಶ್ನೆ. ಅಮೆರಿಕ ಕಾಂಗ್ರೆಸ್ಸಿನ ಪರವಾಗಿ ಸರ್ಕಾರದ ವೆಚ್ಚಗಳನ್ನು ಪರಿಶೀಲಿಸುವ ಕಚೇರಿಯು 2007ರ ವರದಿಯಲ್ಲಿ, ಸಮೀಕ್ಷೆಗೊಳಗಾದ ಪಾಲಿಸಿದಾರರಲ್ಲಿ ಸುಮಾರು ಶೇ. 80ರಷ್ಟು ಜನ ಸಹಭಾಗಿತ್ವ ಇಲ್ಲದಿದ್ದರೂ ಸಾಮಾನ್ಯ ವಿಮೆಯನ್ನು ಕೊಳ್ಳುತ್ತಿದ್ದರು ಎಂದು ಅಂದಾಜಿಸಿತು. ಮೆಡಿಕೇಡ್‌ಗೆ ಇದರಿಂದ ಉಳಿತಾಯವಾಗುವ ಸಂಭವ ಕಡಿಮೆ ಎಂಬುದು ಅದರ ನಿಲುವಾಗಿತ್ತು.

ವಿಮೆಯ ಬದಿಯಲ್ಲಿಯೂ ತೊಡಕುಗಳಿವೆ. ಪಾಲಿಸಿಗಳನ್ನು ಅರ್ಧಕ್ಕೇ ಬಿಡುವವರು ಕಂಪನಿಗಳು ಎಣಿಸಿದ್ದಕ್ಕಿಂತ ಕಡಿಮೆಯಾಗಿದ್ದರು, ಆರೈಕೆಯ ಅವಧಿ ಹಿಗ್ಗಿತು, ಬಡ್ಡಿದರಗಳು ಕುಸಿದವು. ಇದರಿಂದ ಅನೇಕ ಕಂಪನಿಗಳು ಹೊಸ ಪಾಲಿಸಿಗಳ ಮಾರಾಟವನ್ನೇ ನಿಲ್ಲಿಸಿದವು; ಇದ್ದ ಪಾಲಿಸಿಗಳ ಕಂತುಗಳು ರಾಜ್ಯಗಳ ವಿಮಾ ನಿಯಂತ್ರಕರ ಅನುಮತಿಯೊಂದಿಗೆ ಏರಿದವು. ದಶಕಗಳ ಕಾಲ ಕಂತು ಕಟ್ಟಿದ ವೃದ್ಧರು ಹೆಚ್ಚಿದ ಮೊತ್ತ ಕೊಡಲಾಗದೆ ಪರಿಹಾರವನ್ನು ಕಡಿತಗೊಳಿಸಿಕೊಂಡರೆ, ಮುಂದೆ ಅವರು ಉಳಿಸಿಕೊಳ್ಳಬಹುದಾದ ಆಸ್ತಿಯ ಪ್ರಮಾಣವೂ ಅಷ್ಟೇ ಕುಗ್ಗುತ್ತದೆ.