ಹೆಡ್‌ಲೈಟ್‌ಗೂ ಉಸಿರಾಡೋಕೆ ಜಾಗ ಬೇಕು!

ಪುರಭವನದಿಂದ ಮಿನರ್ವ ಸರ್ಕಲ್‌ವರೆಗೆ ಜೆ.ಸಿ. ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ಕಾರಿನ ಬಿಡಿಭಾಗ ಏನು ಬೇಕಾದರೂ ಸಿಗುತ್ತದೆ. ಕಂಪನಿ ಹೆಡ್‌ಲೈಟ್‌ನ ಬೆಲೆ ಕೇಳಿ ಬೆಚ್ಚಿದವರು, ಗಾಡಿಗೆ ಹೊಸ ಲುಕ್ ಬೇಕೆನ್ನುವ ಹುಡುಗರು ಎಲ್ಲರೂ ಬರುವುದು ಇಲ್ಲಿಗೇ. ಹಾಕಿಸಿದ ವಾರ ಗಾಡಿ ಫಳಫಳ. ಜೋರು ಮಳೆ ಬಿದ್ದ ಮರುದಿನ ನೋಡಿದರೆ ಲೆನ್ಸ್ ಒಳಗೆ ನೀರು!

ಇದು ಬರೀ ಅಂದದ ಪ್ರಶ್ನೆಯಲ್ಲ. ಒಳಗಿನ ಹನಿಗಳು ಬೆಳಕನ್ನು ಚದುರಿಸುತ್ತವೆ. ರಾತ್ರಿ ಮಳೆಯಲ್ಲಿ ನಿಮಗೆ ಗುಂಡಿ ಕಾಣಲ್ಲ, ಎದುರು ಬರುವ ಬೈಕಿನವರ ಕಣ್ಣು ಕುಕ್ಕುತ್ತದೆ. ಬಿಸಿಯಾದ ಹಾಲೋಜನ್ ಬಲ್ಬಿನ ಮೇಲೆ ಹನಿ ಬಿದ್ದರೆ ಗಾಜು ಸೀಳಬಹುದು.

ನಾನು ವಿಚಾರಿಸಿದ ಕಡೆಯೆಲ್ಲಾ ಸಿಕ್ಕ ಪರಿಹಾರ ಒಂದೇ: "ಸುತ್ತಲೂ ಸಿಲಿಕೋನ್ ಎಳೆದುಬಿಡ್ತೀನಿ ಸಾರ್, ಒಂದ್ ಹನಿ ಒಳಗೆ ಹೋಗಲ್ಲ." ಕೇಳೋಕೆ ಚೆನ್ನಾಗಿದೆ. ಆದರೆ ಹಾಗೆ ಪೂರ್ತಿ ಮುಚ್ಚಿದರೆ ತೊಂದರೆ ಹೆಚ್ಚುತ್ತದೆ.

ನೀರು ಒಳಗೆ ಬರೋದು ಹೇಗೆ?

ಲೈಟ್ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹಿಂಬದಿಯ ಸಣ್ಣ ರಂಧ್ರ ಅಥವಾ ರಬ್ಬರ್ ಕೊಳವೆಯಿಂದ ಹೊರಹೋಗುತ್ತದೆ. ಮಳೆ ಬಿದ್ದು ಲೆನ್ಸ್ ತಣ್ಣಗಾದಾಗ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆ ದಾರಿಗೆ ಸಿಲಿಕೋನ್ ಮೆತ್ತಿದರೆ, ಲೆನ್ಸ್ ಅಂಚಿನಲ್ಲೋ ಕ್ಯಾಪಿನಲ್ಲೋ ಸಂದು ಸಿಕ್ಕ ಕಡೆಯಿಂದ ಎಳೆಯುತ್ತದೆ. ಅಲ್ಲಿ ನಿಂತಿದ್ದ ನೀರೂ ಜೊತೆಗೆ ಬರುತ್ತದೆ. ಬಂದ ತೇವ ಹೊರಹೋಗುವುದೂ ಕಷ್ಟ.

ಮೂಲೆಯಲ್ಲಿ ತೆಳು ಮಂಜು ಕಟ್ಟಿ, ಲೈಟ್ ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಆರಿದರೆ ಚಿಂತೆ ಬೇಡ. ಒರಿಜಿನಲ್ ಲೈಟ್‌ನಲ್ಲೂ ಹಾಗಾಗುತ್ತದೆ. ಹನಿ ಇಳಿದು ತಳದಲ್ಲಿ ನೀರು ನಿಂತಿದ್ದರೆ ಮಾತ್ರ ಅದು ಲೀಕ್.

ಎಲ್ಲಿ ನೋಡಬೇಕು?

ಮೊದಲು ಹಿಂಬದಿಯ ಡಸ್ಟ್ ಕ್ಯಾಪ್. ಎಲ್‌ಇಡಿ ಬಲ್ಬ್ ಹಾಕಿಸಿದವರ ಗಾಡಿಯಲ್ಲಿ ಅದರ ಫ್ಯಾನ್ ಅಡ್ಡ ಬಂದು ಕ್ಯಾಪ್ ಕೂರುವುದಿಲ್ಲ. ಕೆಲವರು ಕ್ಯಾಪನ್ನೇ ಕತ್ತರಿಸುತ್ತಾರೆ. ಬಲ್ಬಿನ ಡಬ್ಬಿ ಮೇಲೆ 'ಐಪಿ67' ಎಂದಿದ್ದರೆ ಅದು ಬಲ್ಬಿಗೆ ಸಂಬಂಧಿಸಿದ್ದು, ಇಡೀ ಹೆಡ್‌ಲೈಟ್‌ಗಲ್ಲ. ಎಲ್‌ಇಡಿಯ ಶಾಖ ಹೆಚ್ಚಾಗಿ ಹಿಂದಕ್ಕೆ ಹೋಗುವುದರಿಂದ ಲೆನ್ಸ್ ಮೇಲಿನ ಮಂಜು ಬೇಗ ಆರುವುದೂ ಇಲ್ಲ. ಕ್ಯಾಪಿನ ಜಾಗದಲ್ಲಿ ಸರಿಯಾಗಿ ಕೂರುವ, ಉದ್ದನೆಯ ರಬ್ಬರ್ ಕವರ್ ಹಾಕಿಸಿ.

ಎರಡನೆಯದು ಲೆನ್ಸ್ ಮತ್ತು ಡಬ್ಬಿ ಕೂಡುವ ಅಂಚು. ಅಗ್ಗದ ಪೀಸ್‌ಗಳಲ್ಲಿ ಇಲ್ಲಿ ಅಂಟು ಅಲ್ಲಲ್ಲಿ ಕಡಿಮೆ ಬಿದ್ದಿರುತ್ತದೆ. ಅಂಚಿಗೆ ಸೋಪಿನ ನೊರೆ ಹಚ್ಚಿ, ಉಳಿದ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ, ಒಂದು ಕೊಳವೆಯಿಂದ ಮೆಲ್ಲಗೆ ಊದಿದರೆ ಗುಳ್ಳೆ ಎದ್ದ ಕಡೆ ಲೀಕ್ ಇದೆ. ಅಲ್ಲಿಗೆ ಸರಿಯಾದ ಮದ್ದು ಬ್ಯೂಟೈಲ್ ಅಂಟು. ಹದವಾಗಿ ಬಿಸಿ ಮಾಡಿ ಲೆನ್ಸ್ ಬಿಡಿಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು. ಸಿಲಿಕೋನೇ ಬಳಸುವುದಾದರೆ ವಿನೆಗರ್ ವಾಸನೆ ಬರುವುದು ಬೇಡ, ಅದರ ಆವಿ ರಿಫ್ಲೆಕ್ಟರಿನ ಹೊಳಪನ್ನು ಕೆಡಿಸಬಹುದು. 'ನ್ಯೂಟ್ರಲ್ ಕ್ಯೂರ್' ಎಂದಿರುವುದನ್ನು ಕೇಳಿ ತನ್ನಿ.

ಮೂರನೆಯದು ಗಾಳಿಯ ರಂಧ್ರಗಳು. ಕೆಸರು, ಜೇಡರ ಬಲೆ ಕಟ್ಟಿದ್ದರೆ ತೆಗೆಯಿರಿ. ಕೊಳವೆಯ ಬಾಯಿ ಕೆಳಮುಖವಾಗಿರಲಿ. ನೀರು ಇಳಿಯಲೆಂದು ತಳಕ್ಕೆ ತೂತು ಕೊರೆಸಬೇಡಿ, ಅದರಿಂದ ಧೂಳೂ ಕೆಸರೂ ಒಳಸೇರುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಉಳಿದ ತೇವವನ್ನು ಹೀರಬಹುದು, ಲೀಕ್ ನಿಲ್ಲಿಸುವುದಿಲ್ಲ.

ಫಿಟ್ ಮಾಡಿಸುವ ಮುಂಚೆ

ಹಲವು ಕಾರುಗಳಲ್ಲಿ ಹೆಡ್‌ಲೈಟ್ ತೆಗೆಯಲು ಬಂಪರನ್ನೇ ಬಿಚ್ಚಬೇಕು. ಲೀಕ್ ಆಮೇಲೆ ಗೊತ್ತಾದರೆ ಆ ಕೂಲಿ ಎರಡು ಸಲ. ಹಾಗಾಗಿ ಹೊಸ ಪೀಸ್ ತಂದ ತಕ್ಷಣ ನೊರೆ ಪರೀಕ್ಷೆ ಮಾಡಿ, ಕ್ಯಾಪ್ ಹಾಕಿ, ಲೆನ್ಸ್ ಮೇಲೆ ಹತ್ತು ನಿಮಿಷ ನಲ್ಲಿ ನೀರು ಬಿಡಿ. ನೀರು ಬಂದರೆ ಬದಲಿಸಿ ಕೊಡುವುದಾಗಿ ಅಂಗಡಿಯವರಿಂದ ಬಿಲ್ ಮೇಲೆ ಬರೆಸಿಕೊಳ್ಳಿ. ವಾಟರ್ ವಾಶ್ ಮಾಡುವಾಗ ಬಾನೆಟ್ ಎತ್ತಿ ಲೈಟಿನ ಹಿಂಬದಿಗೆ ಪ್ರೆಶರ್ ಹೊಡೆಯದಂತೆ ಹೇಳಿ. ಬೆಂಗಳೂರಿನ ಮಳೆ ಏಪ್ರಿಲ್‌ನಲ್ಲೇ ಶುರುವಾಗುತ್ತದೆ. ಮಾರ್ಚ್‌ನ ಒಂದು ಭಾನುವಾರ ಈ ಕೆಲಸಕ್ಕೆ ಸಾಕು.