ಹೊಣೆ ಹೊರಿಸುವ ಕಿರುಪದಗಳು

‘ಮಸ್ಟ್’, ‘ಆಟ್ ಟು’ಗಳನ್ನು ಕಲಿತೊಡನೆ, ಇಂಗ್ಲಿಷಿನಲ್ಲಿ ಕರ್ತವ್ಯವನ್ನು ಸೂಚಿಸುವ ಬಗೆಯೆಲ್ಲ ತಿಳಿಯಿತೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಆದರೆ ಆ ಭಾಷೆಯು ಸಾಮಾನ್ಯ ಕ್ರಿಯಾಪದದ ಮುಂದೆ ಕಿರುಪದವೊಂದನ್ನು ಇರಿಸಿಯೂ ಹೊಣೆಯನ್ನು ಹೊರಿಸಬಲ್ಲುದು.

‘ಕಾಲ್’ ಎಂದರೆ ಕರೆಯುವುದು. ‘ಕಾಲ್ ಅಪಾನ್’ ಎಂದರೆ ಕಾರ್ಯವೊಂದನ್ನು ಮಾಡಬೇಕೆಂದು ಕೇಳುವುದು. ‘ಫಾಲ್’ ಎಂದರೆ ಬೀಳುವುದು. ‘ಫಾಲ್ ಟು’ ಎಂದರೆ ಕೆಲಸವು ಒಬ್ಬನ ಪಾಲಿಗೆ ಬರುವುದು. ಕನ್ನಡದಲ್ಲಿಯೂ ಹೊಣೆಯು ತಲೆಯ ಮೇಲೆ ಬೀಳುವುದಷ್ಟೆ!

ಕಿರುಪದವು ಪ್ರಿಪೊಸಿಷನ್ನೋ ಕ್ರಿಯಾವಿಶೇಷಣವೋ ಎಂಬುದಕ್ಕೆ ಸರ್ವನಾಮದ ಸ್ಥಾನವೇ ಒರೆಗಲ್ಲು. ‘ಕಾಲ್ ಅಪಾನ್ ಹಿಮ್’ ಎಂಬಲ್ಲಿ ಸರ್ವನಾಮವು ಕೊನೆಗಿದೆ, ‘ಅಪಾನ್’ ಪ್ರಿಪೊಸಿಷನ್. ‘ಲೆಟ್ ಹಿಮ್ ಆಫ್’ ಎಂಬಲ್ಲಿ ಅದು ನಡುವೆ ನಿಂತಿದೆ, ‘ಆಫ್’ ಕ್ರಿಯಾವಿಶೇಷಣ.

ಕಿರುಪದವನ್ನು ಕಡೆಗಣಿಸಿದರೆ ಅರ್ಥವೇ ತಲೆಕೆಳಗಾದೀತು. ‘ಲೆಟ್ ಆಫ್’ ಎಂದರೆ ಒಬ್ಬನನ್ನು ಹೊಣೆಯಿಂದಲೋ ಶಿಕ್ಷೆಯಿಂದಲೋ ಬಿಡುಗಡೆ ಮಾಡುವುದು. ‘ಲೆಟ್ ಡೌನ್’ ಎಂದರೆ ನಂಬಿದವನನ್ನು ನಡುನೀರಿನಲ್ಲಿ ಕೈಬಿಡುವುದು. ಒಂದು ಉಪಕಾರ, ಇನ್ನೊಂದು ದ್ರೋಹ!

‘ಬೌಂಡ್ ಟು’ ಎಂಬುದು ‘ಕಟ್ಟುಬಿದ್ದಿರುವ’ ಸ್ಥಿತಿ. ಅದರ ಮೂಲಧಾತುವಾದ ‘ಬೈಂಡ್’ ಮತ್ತು ನಮ್ಮ ‘ನಿರ್ಬಂಧ’ದೊಳಗಿನ ಸಂಸ್ಕೃತದ ‘ಬಂಧ್’ ಒಂದೇ ಪ್ರಾಚೀನ ಮೂಲದಿಂದ ಹುಟ್ಟಿದವು. ಹೊಣೆಯನ್ನು ಹಗ್ಗವೆಂದು ಕಂಡ ಕಲ್ಪನೆಯು ಎರಡು ಕಡೆಯೂ ಉಳಿದುಬಂದಿದೆ.