ಸುಗ್ಗಿಗೆ ಹೋದ ಮಕ್ಕಳಿಗೆ ಮಾತ್ರೆ ಎಲ್ಲಿ?

ಚಳಿಗಾಲ ಬಂತೆಂದರೆ ನಮ್ಮ ಆದವಾನಿ, ಕೋಸಿಗಿ ಕಡೆಯ ಕೂಲಿ ಸಂಸಾರಗಳು ಮಕ್ಕಳನ್ನೂ ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಸುಗ್ಗಿಗೆ ಹೊರಡುತ್ತವೆ. 2015ರಿಂದ ಫೆಬ್ರವರಿ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆ ಈ ಮಕ್ಕಳಿಗೆ ತಪ್ಪೀತು ಎಂಬುದೇ ನನ್ನ ಚಿಂತೆ.

ತೆಲುಗಿನವರ ನುಲಿಪುರುಗು, ನಮ್ಮ ಜಂತುಹುಳ ಎರಡೂ ಒಂದೇ. ಕೊಕ್ಕೆಹುಳ ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಪಾಠ ತಲೆಗೆ ಹತ್ತೋದಿಲ್ಲ. ದುಂಡುಹುಳದ ಮೊಟ್ಟೆ ಮಣ್ಣುಗೈಯಿಂದ ಬಾಯಿಗೆ ಹೋಗುತ್ತದೆ.

400 ಮಿಲಿಗ್ರಾಂ ಅಲ್ಬೆಂಡಜೋಲ್ ಒಂದು ಮಾತ್ರೆ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ. ಅದು ಹುಳ ಕೊಲ್ಲುತ್ತದೆ, ಮಣ್ಣಿನಲ್ಲಿರೋ ಮೊಟ್ಟೆ ಕೊಲ್ಲೋದಿಲ್ಲ. ಆದ್ದರಿಂದ ಚಪ್ಪಲಿ, ಸಾಬೂನು, ಪಾಯಖಾನೆಯೂ ಬೇಕು.

ಸುಗ್ಗಿಗೆ ಹೋದವರು ಅಲ್ಲಿನ ಅಂಗನವಾಡಿಯಲ್ಲೇ ಕೇಳಿರಿ. ತಪ್ಪಿದರೆ ಊರಿಗೆ ಬಂದಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಕರೆದೊಯ್ಯುವ ಮೇಸ್ತ್ರಿಗಳೂ ಇದನ್ನು ನೆನಪಿಸಲಿ.